ಹೆನ್ರಿ ಮಾಡ್‌ಸ್ಲಿ

ದುಂಡನೆಯ ಕಬ್ಬಿಣದ ಸರಳೊಂದರ ತುದಿಯ ಮುಖದಲ್ಲಿ, ಕೇಂದ್ರದಿಂದ ಎಲ್ಲೆಡೆಯೂ ಸಮದೂರದಲ್ಲಿರುವಂತೆ ವೃತ್ತಾಕಾರದ ತೋಡನ್ನು ಕೊರೆಯುವುದು ನೋಡುವವರಿಗೆ ಅಲ್ಪ ಕಾರ್ಯವೆಂದು ತೋರಬಹುದು. ಆದರೆ ಹದಿನೆಂಟನೆಯ ಶತಮಾನದಲ್ಲಿ ಅದು ನುರಿತ ಕುಶಲಕರ್ಮಿಗೂ ಕಠಿಣ ಪರೀಕ್ಷೆಯಾಗಿತ್ತು. ತಿರುಗುವ ಲೋಹಕ್ಕೆ ಉಳಿಯನ್ನು ಕೈಯಿಂದಲೇ ಒತ್ತಿ ಹಿಡಿಯಬೇಕಾಗಿತ್ತು. ಕೈ ಅದುರಿದರೆ ತೋಡಿನ ಅಗಲ, ಆಳಗಳೆರಡೂ ಕೆಡುತ್ತಿದ್ದವು. ಈ ಕೊರತೆಯನ್ನು ನೀಗಿಸಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲಿ ಅಗ್ರಗಣ್ಯನು.

ಮಾಡ್‌ಸ್ಲಿಯು 1771ರ ಆಗಸ್ಟ್ 22ರಂದು ಲಂಡನ್ನಿನ ಸಮೀಪದ ವುಲಿಚ್‌ನಲ್ಲಿ ಜನಿಸಿದನು. ತಂದೆ ಅಲ್ಲಿನ ಶಸ್ತ್ರಾಗಾರದ ನೌಕರ. ಹನ್ನೆರಡನೆಯ ವಯಸ್ಸಿನಲ್ಲಿಯೇ ಬಾಲಕನು ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದನು. ಅನಂತರ ಅವನನ್ನು ಬಡಗಿಗಳ ಶಾಲೆಗೆ ಹಾಕಿದರೂ ಅವನ ಮನಸ್ಸು ಕುಲುಮೆಯ ಕಡೆಗೇ ಎಳೆಯುತ್ತಿತ್ತು. ಹದಿನೈದನೆಯ ವಯಸ್ಸಿನಲ್ಲಿ ಅವನು ಕಮ್ಮಾರರ ಜೊತೆಗೂಡಿದನು. ಅವನ ಕೈಚಳಕದ ಕೀರ್ತಿ ಬಹುಬೇಗ ಲಂಡನ್ನಿಗೆ ಹಬ್ಬಿತು.

1789ರಲ್ಲಿ ಪ್ರಸಿದ್ಧ ಯಂತ್ರಶಿಲ್ಪಿ ಜೋಸೆಫ್ ಬ್ರಾಮ ಅವನನ್ನು ಕರೆಸಿಕೊಂಡನು. ಬ್ರಾಮನು ರೂಪಿಸಿದ ಬೀಗದ ಸೂಕ್ಷ್ಮ ಭಾಗಗಳನ್ನು ತಯಾರಿಸಲು ಮಾಡ್‌ಸ್ಲಿ ಹೊಸ ಉಪಕರಣಗಳನ್ನೇ ನಿರ್ಮಿಸಿದನು. ದುಡಿಮೆಯಿಂದ ಮೇಲ್ವಿಚಾರಕನೂ ಆದನು. ಆದರೆ ವಾರಕ್ಕೆ 30 ಷಿಲಿಂಗುಗಳ ಸಂಬಳ ಬೆಳೆಯುತ್ತಿದ್ದ ಸಂಸಾರಕ್ಕೆ ಸಾಲದಾಯಿತು. ಹೆಚ್ಚಳವನ್ನು ಕೇಳಿದಾಗ ಬ್ರಾಮನು ನಿರಾಕರಿಸಿದನು. 1797ರಲ್ಲಿ ಮಾಡ್‌ಸ್ಲಿ ಅಲ್ಲಿಂದ ಹೊರಬಂದು ತನ್ನದೇ ಸಣ್ಣ ಕಾರ್ಯಾಗಾರವನ್ನು ತೆರೆದನು.

ಅವನ ಹೆಸರನ್ನು ಚಿರಸ್ಥಾಯಿಯಾಗಿಸಿದ್ದು ಲೇತಿನ ಜಾರುಪೀಠ. ಇದರ ಕಲ್ಪನೆ ಹಿಂದೆಯೂ ಇದ್ದಿತು. ಅದನ್ನು ಗಟ್ಟಿಯಾದ ಲೋಹದಲ್ಲಿ ನಿಖರವಾಗಿ ಸಿದ್ಧಗೊಳಿಸಿ ಬಳಕೆಗೆ ತಂದ ಶ್ರೇಯಸ್ಸು ಅವನದು. ಜಾರುಪೀಠದಲ್ಲಿ ಉಳಿಯನ್ನು ಹಿಡಿಯುವುದು ಕಬ್ಬಿಣ. ಅದನ್ನು ಸರಿಸುವುದು ತಿರುಪು. ತುದಿಮುಖದಲ್ಲಿ ತೋಡು ಕೊರೆಯುವಾಗ ಮೊದಲು ಉಳಿಯನ್ನು ಅಡ್ಡಲಾಗಿ ಸರಿಸಿ ಕೇಂದ್ರದಿಂದ ಬೇಕಾದ ದೂರದಲ್ಲಿ ನಿಲ್ಲಿಸುತ್ತಾರೆ. ಬಳಿಕ ತಿರುಗುವ ಸರಳಿನೊಳಕ್ಕೆ ನೇರವಾಗಿ, ಮೆಲ್ಲನೆ ಇಳಿಸುತ್ತಾರೆ. ತೋಡು ಬಾಗಿರುವುದರಿಂದ ಅದರ ಹೊರಗೋಡೆಗೆ ಉಜ್ಜದಂತೆ ಉಳಿಯ ಹೊರಮಗ್ಗುಲನ್ನೂ ಬಾಗಿಸಿ ಮಸೆದಿರುತ್ತಾರೆ. ಸುಮಾರು 1800ರ ವೇಳೆಗೆ ಮಾಡ್‌ಸ್ಲಿ ಇದೇ ತತ್ತ್ವದಿಂದ ತಿರುಪುಗಳನ್ನು ಕೊರೆಯುವ ಲೇತನ್ನೂ ನಿರ್ಮಿಸಿದನು. ಅವನು ಮಾಡಿದ ಅಳತೆಯ ಉಪಕರಣವು ಅಂಗುಲದ 10,000ದಲ್ಲಿ ಒಂದು ಪಾಲನ್ನೂ ತೋರಿಸಬಲ್ಲುದಾಗಿತ್ತು.

ಇದರ ಫಲ ಪೋರ್ಟ್ಸ್‌ಮತ್ ಬಂದರಿನಲ್ಲಿ ಕಂಡುಬಂದಿತು. ಹಡಗಿನ ಹಗ್ಗಗಳಿಗೆ ಬೇಕಾದ ಮರದ ರಾಟೆಗಳಿಗಾಗಿ ಮಾರ್ಕ್ ಬ್ರೂನೆಲನು ಯೋಜಿಸಿದ ಯಂತ್ರಗಳನ್ನು ಮಾಡ್‌ಸ್ಲಿ ತಯಾರಿಸಿಕೊಟ್ಟನು. ರಾಟೆಚಕ್ರದ ಮುಖದಲ್ಲಿ ಲೋಹದ ಬಿಲ್ಲೆ ಕೂರಲು ಕುಳಿ, ಅಂಚಿನಲ್ಲಿ ಹಗ್ಗಕ್ಕೆ ತೋಡು, ಎಲ್ಲವನ್ನೂ ಯಂತ್ರಗಳೇ ಕೊರೆಯುತ್ತಿದ್ದವು. 1808ರಲ್ಲಿ 1,30,000 ರಾಟೆಗಳು ಸಿದ್ಧವಾದವು. 110 ಮಂದಿಯ ಕೆಲಸಕ್ಕೆ 10 ಮಂದಿ ಸಾಕಾದರು. ತಲೆಮಾರುಗಳಿಂದ ಬಂದ ಕೈಕಸುಬಿಗೆ ಅಲ್ಲಿ ಎಡೆಯಿಲ್ಲದಂತಾಯಿತು. ಯಂತ್ರಯುಗದ ಲಾಭದೊಡನೆ ಈ ನಷ್ಟವೂ ಬೆರೆತಿತ್ತು.

ಆದರೂ ಕೈಯ ಕೌಶಲ ಅಳಿಯಲಿಲ್ಲ. ಜಾರುಪೀಠ ಸರಾಗವಾಗಿ ಸರಿಯಬೇಕಾದರೆ ಅದರ ಮೈ ಸಂಪೂರ್ಣ ಸಮತಲವಾಗಿರಬೇಕು. ಆ ಸಮತಲವನ್ನು ಅರದಿಂದ ಉಜ್ಜಿ, ಹೆರೆದು ಸಾಧಿಸಿದ್ದು ಮನುಷ್ಯನ ಕೈಯೇ. ಈ ವಿದ್ಯೆಯನ್ನು ಮಾಡ್‌ಸ್ಲಿ ಮುಚ್ಚಿಡಲಿಲ್ಲ. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನೇಸ್ಮಿತ್, ಜೋಸೆಫ್ ವಿಟ್‌ವರ್ತ್ ಮೊದಲಾದವರು ಅವನ ಕಾರ್ಯಾಗಾರದಲ್ಲಿ ದುಡಿದು ಹೆಸರಾದರು. ತಿರುಪಿನ ಎಳೆಗಳಿಗೆ 1841ರಲ್ಲಿ ಏಕರೂಪದ ಅಳತೆಯನ್ನು ಸೂಚಿಸಿದವನು ವಿಟ್‌ವರ್ತನೇ.

ಫ್ರಾನ್ಸಿನಲ್ಲಿ ಮಿತ್ರನೊಬ್ಬನನ್ನು ಕಂಡು ಹಿಂದಿರುಗುವಾಗ ಶೀತದಿಂದ ಅಸ್ವಸ್ಥನಾದ ಮಾಡ್‌ಸ್ಲಿ, 1831ರ ಫೆಬ್ರವರಿ 14ರಂದು ನಿಧನನಾದನು. ವುಲಿಚ್‌ನಲ್ಲಿ ಅವನ ಸಮಾಧಿಗೆ ಎರಕದ ಕಬ್ಬಿಣದ ಸ್ಮಾರಕವನ್ನು ಇರಿಸಲಾಯಿತು. ಮದ್ದು ತುಂಬುತ್ತಿದ್ದ ಬಾಲಕನು ಲೋಕಕ್ಕೆ ಬಿಟ್ಟುಹೋದ ಆಸ್ತಿ ನಿಖರತೆ. ಆ ನಿಖರತೆಯ ಹಿಂದೆ ಇದ್ದುದು ತಾಳ್ಮೆಯಿಂದ ಪಳಗಿದ ಕೈ.