ಶಿಕ್ಷಕರಿಗೆ ಗುರುವಾದ ಡೆಪ್ಯುಟಿ ಚೆನ್ನಬಸಪ್ಪನವರು

ಶಿಶುವಿನ ಕೈಹಿಡಿದು ಮರಳಿನ ಮೇಲೆ ಮೊದಲನೆಯ ಅಕ್ಷರವನ್ನು ತಿದ್ದಿಸುವಾತನು ಆ ಶಿಶುವಿನ ಮುಂದಣ ವಿದ್ಯೆಗೆಲ್ಲ ಅಡಿಗಲ್ಲನ್ನಿಡುವನು. ಅಡಿಗಲ್ಲು ಸೊಟ್ಟಾದರೆ ಮೇಲಣ ಗೋಡೆಯೂ ಸೊಟ್ಟಾಗಿಯೇ ಏಳುವುದು. ಆದುದರಿಂದ ಮಕ್ಕಳಿಗೆ ವಿದ್ಯೆಯನ್ನು ಕೊಡಬೇಕೆನ್ನುವವರು ಮೊದಲು ಕಲಿಸುವವನನ್ನು ಸಿದ್ಧಗೊಳಿಸತಕ್ಕದ್ದು. ಈ ತತ್ತ್ವವನ್ನು ಕನ್ನಡನಾಡಿನ ಉತ್ತರಭಾಗದಲ್ಲಿ ಕಾರ್ಯರೂಪಕ್ಕೆ ತಂದ ಮಹನೀಯರಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಅಗ್ರಗಣ್ಯರು. ಮಠದ ಮಹೋತ್ಸವದ ಈ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಸ್ಮರಿಸುವುದು ಉಚಿತವೇ ಆಗಿದೆ. ಏಕೆಂದರೆ ಅವರ ಕಾಲದಲ್ಲಿ ಮಠವೆಂಬ ಮಾತಿಗೆ ಶಾಲೆಯೆಂಬ ಅರ್ಥವೂ ಇದ್ದಿತು.

ಚೆನ್ನಬಸಪ್ಪನವರು 1834ನೆಯ ಇಸವಿಯಲ್ಲಿ ಧಾರವಾಡದ ವೀರಶೈವ ಮನೆತನವೊಂದರಲ್ಲಿ ಜನಿಸಿದರು. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು, 1830ರಲ್ಲಿ ಧಾರವಾಡದ ಸೀಮೆಯು ಮುಂಬಯಿ ಇಲಾಖೆಗೆ ಸೇರಿತ್ತು. ಅಚ್ಚ ಕನ್ನಡದ ಈ ನೆಲಕ್ಕೆ ಸರಕಾರಿ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ದೇಶವೆಂಬ ಹೆಸರು ರೂಢವಾಗಿದ್ದಿತು. ಕಚೇರಿಯ ವ್ಯವಹಾರವು ಮರಾಠಿಯಲ್ಲಿ, ಲೆಕ್ಕಪತ್ರವು ಮೋಡಿಯಲ್ಲಿ ನಡೆಯುತ್ತಿದ್ದುದರಿಂದ ಕನ್ನಡಿಗರೇ ತಮ್ಮ ನುಡಿಯನ್ನು ಮನೆಮಾತೆಂದು ಎಣಿಸಿ, ವಿದ್ಯೆಯೆಂದರೆ ಮರಾಠಿಯೇ ಎಂದು ತಿಳಿದಿದ್ದರು. ಹಳ್ಳಿಗಳ ಕೂಲಿಮಠಗಳಲ್ಲಿ ಮಕ್ಕಳು ಮಗ್ಗಿ ಕಾಗುಣಿತಗಳನ್ನು ಬಾಯಿಪಾಠ ಮಾಡಿ, ತಪ್ಪಿದರೆ ಕೋದಂಡವೇ ಮೊದಲಾದ ಶಿಕ್ಷೆಗಳನ್ನು ಅನುಭವಿಸುತ್ತಿದ್ದರು. ಅಲ್ಲಿಯ ಗುರುವಿಗೆ ಅಚ್ಚಿನ ಪುಸ್ತಕವಿರಲಿಲ್ಲ; ತಾನು ಕಲಿತ ರೀತಿಯ ಹೊರತು ಕಲಿಸುವ ಬೇರೆ ರೀತಿಯೂ ತಿಳಿದಿರಲಿಲ್ಲ.

ಚೆನ್ನಬಸಪ್ಪನವರು ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿ ಮರಳಿದರು. ಆ ಬಳಿಕ ವಿದ್ಯಾಖಾತೆಯ ಸೇವೆಯೇ ಅವರ ಜೀವನವಾಯಿತು. ದೇಶಭಾಷೆಗಳಲ್ಲಿ ಪ್ರಾಥಮಿಕ ವಿದ್ಯೆಯನ್ನು ಹರಡಬೇಕೆಂದೂ ಶಿಕ್ಷಕರಿಗೆ ತರಬೇತಿ ಕೊಡಬೇಕೆಂದೂ 1854ರ ಆಜ್ಞಾಪತ್ರವು ವಿಧಿಸಿದ್ದಿತು. ಆ ವಿಧಿಯು ಕನ್ನಡ ಸೀಮೆಯಲ್ಲಿ ಬರಿಯ ಕಾಗದವಾಗಿ ಉಳಿಯದಂತೆ ಮಾಡಿದವರು ಇಬ್ಬರು: ಕನ್ನಡವನ್ನು ಕಲಿತು ಅದರ ಪಕ್ಷವನ್ನು ವಹಿಸಿದ ಅಧಿಕಾರಿ ರಸೆಲ್ ಸಾಹೇಬರು, ಮತ್ತು ಅವರ ಬಲಗೈಯಂತಿದ್ದ ಚೆನ್ನಬಸಪ್ಪನವರು.

ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕತ್ವವು ಚೆನ್ನಬಸಪ್ಪನವರಿಗೆ ಬಂದುದು ಕನ್ನಡದ ಪುಣ್ಯವೆನ್ನಬೇಕು. ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾದ ಆ ಶಾಲೆಯಲ್ಲಿ ಓದಿದವರು ಹಳ್ಳಿಹಳ್ಳಿಗೆ ಶಿಕ್ಷಕರಾಗಿ ಹೋಗತಕ್ಕವರು. ಅಲ್ಲಿ ಒಬ್ಬನಿಗೆ ಕಲಿಸಿದುದು ಊರಿಗೆ ಊರಿಗೇ ಕಲಿಸಿದಂತೆ. ಅನಂತರ ಡೆಪ್ಯುಟಿ ಇನ್‌ಸ್ಪೆಕ್ಟರರ ಅಧಿಕಾರದಲ್ಲಿದ್ದುಕೊಂಡು, ಕನ್ನಡ ಮಕ್ಕಳು ಮರಾಠಿ ಓದುತ್ತಿದ್ದ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾರ್ಪಡಿಸಿದರು. ಶಾಲೆಯಿಲ್ಲದೆಡೆ ಹೊಸದಾಗಿ ತೆರೆಯಿಸಿದರು. ಆ ಅಧಿಕಾರದ ಹೆಸರೇ ಜನರ ಬಾಯಲ್ಲಿ ಅವರ ಹೆಸರಿನ ಭಾಗವಾಗಿ ನಿಂತಿತು.

ತರಬೇತಿಯನ್ನು ಮುಗಿಸಿ ದೂರದ ಹಳ್ಳಿಯನ್ನು ಸೇರಿದ ಶಿಕ್ಷಕನು ಅಲ್ಲಿ ಒಂಟಿಯಾಗುವನು. ಕಲಿತುದು ಮಾಸುವುದು, ಹೊಸದು ದೊರೆಯದು. ಈ ಕೊರತೆಯನ್ನು ತುಂಬುವುದಕ್ಕಾಗಿ ಚೆನ್ನಬಸಪ್ಪನವರ ಪ್ರಯತ್ನದಿಂದ 1860ರ ತರುವಾಯದ ವರ್ಷಗಳಲ್ಲಿ ಶಿಕ್ಷಕರಿಗಾಗಿಯೇ ಮಠಪತ್ರಿಕೆಯು ಹೊರಟಿತು. ಅದೇ ಮುಂದೆ ಶಾಲಾಪತ್ರಿಕೆಯಾಗಿ, ಕಾಲಾಂತರದಲ್ಲಿ ಜೀವನ ಶಿಕ್ಷಣವೆಂಬ ಹೆಸರನ್ನು ತಳೆಯಿತು. ಹೆಸರು ಬದಲಾದರೂ ಶಿಕ್ಷಕನು ಸಾಯುವತನಕ ವಿದ್ಯಾರ್ಥಿಯಾಗಿರಬೇಕೆಂಬ ಮೂಲ ಉದ್ದೇಶವು ಬದಲಾಗಲಿಲ್ಲ.

ಓದುವುದಕ್ಕೆ ಪುಸ್ತಕಗಳೂ ಬೇಕಲ್ಲವೆ? ಷೇಕ್ಸ್‌ಪಿಯರ್ ಮಹಾಕವಿಯ ಒಂದು ಹಾಸ್ಯನಾಟಕವನ್ನು ಅವರು ‘ನಗದವರನ್ನು ನಗಿಸುವ ಕಥೆ’ಯೆಂದು ತಿಳಿಗನ್ನಡದಲ್ಲಿ ಬರೆದರು, ಅದು 1871ರಲ್ಲಿ ಪ್ರಕಟವಾಯಿತು. ತಾವು ಬರೆದುದಕ್ಕಿಂತ ಇತರರಿಂದ ಬರೆಯಿಸಿದ ಅವರ ಉಪಕಾರವೇ ದೊಡ್ಡದು. ಶಾಕುಂತಲವನ್ನು ಕನ್ನಡಿಸಿದ ಚುರಮುರಿ ಶೇಷಗಿರಿರಾಯರು, ಬಾಣನ ಕಾದಂಬರಿಯನ್ನು ಕನ್ನಡಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ವೆಂಕಟ ರಂಗೋ ಕಟ್ಟಿಯವರು ಮೊದಲಾದವರೆಲ್ಲರೂ ಆ ವಿದ್ಯಾಖಾತೆಯ ನೆರಳಿನಲ್ಲಿ ಬೆಳೆದ ಲೇಖಕರು.

1881ರಲ್ಲಿ, ಐವತ್ತು ತುಂಬುವುದಕ್ಕೆ ಮೊದಲೇ, ಚೆನ್ನಬಸಪ್ಪನವರು ಲಿಂಗೈಕ್ಯರಾದರು. ಬಿತ್ತಿದ ಬೀಜವು ಮಾತ್ರ ಫಲಿಸಿತು. ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ಹುಟ್ಟಿದುವು. ಕನ್ನಡ ಓದಿದ ಒಂದು ಪೀಳಿಗೆಯು ಮೊದಲೇ ಸಿದ್ಧವಾಗಿರದಿದ್ದರೆ ಇಂತಹ ಸಂಘಗಳಿಗೆ ಸದಸ್ಯರು ಎಲ್ಲಿಂದ ಬರುತ್ತಿದ್ದರು?

ಇತ್ತ ನಮ್ಮ ರಾಜೇಶ್ವರ, ಕಲ್ಯಾಣ, ಹುಮನಾಬಾದುಗಳ ಪ್ರಾಂತವು ನಿಜಾಮರ ಆಳಿಕೆಯಲ್ಲಿದ್ದಿತು. ಮನೆಮಾತು ಧಾರವಾಡದವರದೇ ಆದರೂ, ಕಚೇರಿಯ ಭಾಷೆ ಮೊದಲು ಪಾರಸಿ, ತರುವಾಯ ಉರ್ದು. ಇಲ್ಲಿಯ ಶಿಶುವಿಗೆ ತಾಯ್ನುಡಿಯ ಅಕ್ಷರವು ದೊರೆತರೆ ಮಠದ ಜಗುಲಿಯಲ್ಲಿ, ಇಲ್ಲವಾದರೆ ಇಲ್ಲ. ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಈ ಪ್ರಾಂತದವರಿಗೆಲ್ಲ ತಿಳಿದದ್ದೇ. 1948ರಲ್ಲಿ ಆ ಆಳಿಕೆಯು ಮುಗಿದು, 1956ರಲ್ಲಿ ಬೀದರ ಸೀಮೆಯು ಕನ್ನಡ ರಾಜ್ಯವನ್ನು ಸೇರಿತು. ಧಾರವಾಡದ ಸೀಮೆಗೆ ನೂರು ವರ್ಷಗಳ ಹಿಂದೆಯೇ ಒದಗಿದ ಭಾಗ್ಯವು ನಮಗೆ ಇಷ್ಟು ತಡವಾಗಿ ಒದಗಿತೆಂಬುದನ್ನು ಮರೆಯಲಾಗದು.

ಶಾಲೆಯ ಕಟ್ಟಡವನ್ನು ಕಟ್ಟಿಸುವ ದಾನಿಗಳು ಇಂದು ದುರ್ಲಭರಲ್ಲ. ಆದರೆ ಅಂಗನವಾಡಿಯಲ್ಲಿಯೂ ಒಂದನೆಯ ಇಯತ್ತೆಯಲ್ಲಿಯೂ ಹಸುಮಕ್ಕಳ ಮುಂದೆ ಕುಳಿತ ಶಿಕ್ಷಕಿಗೆ ಒಳ್ಳೆಯ ಪುಸ್ತಕ, ಕಾಲಕಾಲಕ್ಕೆ ತರಬೇತಿ, ಕೇಳಿ ತಿಳಿದುಕೊಳ್ಳಲು ಒಬ್ಬ ಹಿರಿಯರು, ಈ ಮೂರನ್ನೂ ಒದಗಿಸುವುದೇ ಚೆನ್ನಬಸಪ್ಪನವರಿಗೆ ಸಲ್ಲತಕ್ಕ ನಿಜವಾದ ಪೂಜೆ. ಸದ್ಭಕ್ತರು ಈ ಕಾರ್ಯಕ್ಕೆ ಮನಸ್ಸು ಮಾಡಲೆಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.