ಕೆಂಗಲ್ ಕಟ್ಟಿಸಿದ ಮೆಟ್ಟಿಲು

ಬಿಲ್ಡಿಂಗ್ ಡ್ರಾಯಿಂಗ್ ತರಗತಿಯಲ್ಲಿ ನಾವು ಪ್ಲಾನ್, ಸೆಕ್ಷನ್, ಎಲಿವೇಶನ್ ಬರೆಯುತ್ತೇವೆ. ಮನೆಯ ಎಲಿವೇಶನ್ ಮಾಲೀಕನ ಇಷ್ಟ. ಸರ್ಕಾರಿ ಕಟ್ಟಡದ್ದು ಯಾರ ಇಷ್ಟ? ಹಾಗೆ ಯೋಚಿಸಿದಾಗ ನನಗೆ ನೆನಪಾಗುವವರು ಎಂಜಿನಿಯರ್ ಅಲ್ಲ, ಒಬ್ಬ ವಕೀಲರು: ಕೆಂಗಲ್ ಹನುಮಂತಯ್ಯ.

ಹುಟ್ಟಿದ್ದು 1908ರಲ್ಲಿ, ರಾಮನಗರ ಬಳಿಯ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ. ಮೈಸೂರಿನ ಮಹಾರಾಜ ಕಾಲೇಜು, ಪುಣೆಯಲ್ಲಿ ಕಾನೂನು, ಆಮೇಲೆ ಚಳವಳಿ, ಜೈಲು, ಸಂವಿಧಾನ ರಚನಾ ಸಭೆ. 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ.

ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು ಅದಕ್ಕೂ ಮೊದಲು, 1951ರ ಜುಲೈನಲ್ಲಿ, ಕೆ.ಸಿ. ರೆಡ್ಡಿಯವರ ಕಾಲದಲ್ಲಿ. ಆಗಿನ ನಕ್ಷೆ ಸರಳವಾಗಿತ್ತು. ಹನುಮಂತಯ್ಯ ಅದನ್ನು ಬದಲಿಸಿದರು. ಎದುರಿಗೇ ಬ್ರಿಟಿಷ್ ಕಮಿಷನರ್‌ಗಳ ಕಾಲದ ಕೆಂಪು ಅಠಾರಾ ಕಚೇರಿ ಇತ್ತು, ಪಾಶ್ಚಾತ್ಯ ಮಾದರಿಯ ಕಂಬಗಳದ್ದು. ಜನ ಅರ್ಜಿ ಹಿಡಿದು ಕೈಕಟ್ಟಿ ನಿಂತ ಜಾಗ. ಮತ ಹಾಕಿದವರ ಕಟ್ಟಡ ಅದರಂತೆ ಕಾಣಬಾರದೆಂಬುದು ಅವರ ಹಟ. ಬಿ.ಆರ್. ಮಾಣಿಕಂ ನೇತೃತ್ವದಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧದ ನಕ್ಷೆ ಸಿದ್ಧವಾಯಿತು. ಮುಂದೆ ವಿಶಾಲವಾದ 45 ಮೆಟ್ಟಿಲು.

ಬುಕ್ಕಾಂಬುಧಿಯಿಂದ ತರೀಕೆರೆ ಕಡೆ ಹೋದರೆ ಅಮೃತಾಪುರದಲ್ಲಿ 1196ರ ಹೊಯ್ಸಳ ಗುಡಿ ಇದೆ. ಅಲ್ಲಿನ ಕಡೆದ ಕಂಬ ನೋಡಿದವರಿಗೆ ವಿಧಾನಸೌಧದ ಕಂಬಗಳು ಪರಕೀಯ ಅನ್ನಿಸವು. ಅಲ್ಲಿ ಬಳಪದ ಕಲ್ಲು, ಇಲ್ಲಿ ಗ್ರಾನೈಟ್, ಅಷ್ಟೇ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಎಷ್ಟೋ ಗುಡಿಗಳ ಹೊಸ್ತಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಗುಡಿಯ ರೂಪವನ್ನೇ ಹೊತ್ತ ಈ ಹೊಸ ಮನೆಯಲ್ಲಿ ಕೂರಲು ಗೆದ್ದು ಬಂದರೆ ಸಾಕಿತ್ತು, ಜಾತಿ ಯಾವುದೇ ಇರಲಿ. ನನಗೆ ಆ ನಕ್ಷೆಯಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಖರ್ಚು ಸುಮಾರು 1.8 ಕೋಟಿ ರೂಪಾಯಿ. ದುಂದುಗಾರಿಕೆ ಎಂದು ಗಲಾಟೆಯಾಯಿತು. ಅದು ಸುಮ್ಮನೆ ಎದ್ದ ಗಲಾಟೆ ಎನ್ನಲಾರೆ. ಅದೇ ದಶಕದಲ್ಲಿ ಚಂಡೀಗಢದಲ್ಲಿ ಕಾರ್ಬೂಸಿಯೆ ಬರಿಯ ಕಾಂಕ್ರೀಟಿನಲ್ಲಿ ಹೊಸ ರಾಜಧಾನಿ ಕಟ್ಟುತ್ತಿದ್ದರು. ಇಲ್ಲಿ ಕೈದಿಗಳೂ ಸೇರಿ ಸಾವಿರಾರು ಜನ ಬೆವರು ಸುರಿಸಿದರು. ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಹಳೇ ಮೈಸೂರಿನ ಹಲವು ನಾಯಕರು ಏಕೀಕರಣ ಬೇಡವೆಂದಾಗ ಹನುಮಂತಯ್ಯ ಅದರ ಪರ ನಿಂತರು. ಅದಕ್ಕೆ ಸ್ವಂತ ಪಕ್ಷದಲ್ಲೇ ವಿರೋಧ ಕಟ್ಟಿಕೊಂಡರು. 1956ರ ಆಗಸ್ಟ್‌ನಲ್ಲಿ ಕುರ್ಚಿ ಹೋಯಿತು. ಸೌಧ ಪೂರ್ತಿಯಾಗಿದ್ದು ಆಮೇಲೆ. ಅಲ್ಲಿ ಅವರು ಮುಖ್ಯಮಂತ್ರಿಯಾಗಿ ಕೂರಲಿಲ್ಲ. ನವೆಂಬರ್ 1ರ ನಂತರ ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಶಾಸಕರೂ ಆ ಮೆಟ್ಟಿಲ ಮೇಲಿನ ಮನೆಗೆ ಬಂದರು. ಮುಂದೆ ಕೇಂದ್ರದಲ್ಲಿ ರೈಲ್ವೆ ಸಚಿವರೂ ಆಗಿದ್ದ ಹನುಮಂತಯ್ಯ 1980ರಲ್ಲಿ ತೀರಿಕೊಂಡರು.

ಈಗ ಊರಿಂದ ಅರ್ಜಿ ಹಿಡಿದು ಹೋದವರು ಪಾಸ್ ಪಡೆದು ಪಕ್ಕದ ಗೇಟಿನಿಂದ ಒಳಹೋಗುತ್ತಾರೆ.

– ಬಿ.ಇ. ವಿದ್ಯಾರ್ಥಿ, ಬುಕ್ಕಾಂಬುಧಿ