ಒಂದು ಅಂಕದ ಪ್ರಶ್ನೆಯಾಚೆಗಿನ ಬಿ.ಎನ್. ರಾವ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಬಿ.ಎನ್. ರಾವ್ ಎಂದರೆ ಒಂದು ಅಂಕ. ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರ ಯಾರಾಗಿದ್ದರು ಎಂದು ಕೇಳಿ ನಾಲ್ಕು ಹೆಸರು ಕೊಟ್ಟಿರುತ್ತಾರೆ. ನಾವು ಓಎಂಆರ್ ಹಾಳೆಯಲ್ಲಿ ಒಂದು ಸೊನ್ನೆಗೆ ಮಸಿ ತುಂಬಿ ಮುಂದಿನ ಪ್ರಶ್ನೆಗೆ ಜಿಗಿಯುತ್ತೇವೆ. ಸ್ವಲ್ಪ ಕಠಿಣ ಪತ್ರಿಕೆಯಾದರೆ, ಅವರು ಸಭೆಯ ಸದಸ್ಯರಾಗಿದ್ದರೇ ಎಂದು ಕೇಳುತ್ತಾರೆ. ಆಗಿರಲಿಲ್ಲ. ಅಲ್ಲಿಗೆ ಆ ಮನುಷ್ಯನ ಕಥೆ ನಮ್ಮ ನೋಟ್ಸಿನಲ್ಲಿ ಮುಗಿಯುತ್ತದೆ.

ನನಗೆ ಅವರು ಮತ್ತೆ ಎದುರಾದದ್ದು ಬೇರೆ ದಾರಿಯಲ್ಲಿ. 2022ರ ಮಾರ್ಚ್ ನೆನಪಿದೆಯಲ್ಲ? ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನ್ ಯುದ್ಧದಲ್ಲಿ ಶೆಲ್ ದಾಳಿಗೆ ಬಲಿಯಾದ. ಅಲ್ಲಿಯವರೆಗೆ ಟಿವಿಯ ನಕಾಶೆಯಲ್ಲಿ ಮಾತ್ರ ಇದ್ದ ಯುದ್ಧ ಒಂದೇ ದಿನಕ್ಕೆ ಅಕ್ಕಿಆಲೂರಿನ ಚಹಾದಂಗಡಿಗೆ ಬಂದು ಕೂತಿತು. ಅದೇ ವಾರ ವಿಶ್ವಸಂಸ್ಥೆಯಲ್ಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ ಭಾರತ ಪರವಾಗಿಯೂ ಮತ ಹಾಕಲಿಲ್ಲ, ವಿರೋಧವಾಗಿಯೂ ಹಾಕಲಿಲ್ಲ. ತಟಸ್ಥವಾಗಿ ಉಳಿಯಿತು. ನಮ್ಮ ಹುಡುಗ ಸತ್ತಮೇಲೂ ಹೀಗೇಕೆ ಎಂದು ಒಬ್ಬರು, ಉಳಿದ ಸಾವಿರಾರು ಮಕ್ಕಳನ್ನು ಹೊರಗೆ ತರಬೇಕಲ್ಲ ಎಂದು ಇನ್ನೊಬ್ಬರು. ಮಾತು ಬಿಸಿಯೇರಿತು. ನನಗೆ ಕುತೂಹಲ ಹುಟ್ಟಿದ್ದು ಬೇರೆಯದರ ಬಗ್ಗೆ: ಇಂಥ ಮತವನ್ನು ಭಾರತ ಮೊದಲು ಚಲಾಯಿಸಿದ ಕಾಲದಲ್ಲಿ ಆ ಕುರ್ಚಿಯಲ್ಲಿ ಕೂತಿದ್ದವರು ಯಾರು? ಹುಡುಕುತ್ತಾ ಹೋದರೆ ಸಿಕ್ಕವರು ನಮ್ಮ ಕರಾವಳಿಯವರೇ, ಅದೇ ಒಂದು ಅಂಕದ ಬೆನಗಲ್ ನರಸಿಂಗ ರಾವ್.

ಹುಟ್ಟಿದ್ದು 1887ರ ಫೆಬ್ರುವರಿ 26. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಸಾರಸ್ವತ ಮನೆತನ, ಮನೆಮಾತು ಕೊಂಕಣಿ. ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮುಗಿಸಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ಹೊತ್ತಿಗೆ ಜವಾಹರಲಾಲ್ ನೆಹರೂ ಕೂಡ ಟ್ರಿನಿಟಿಯಲ್ಲಿದ್ದರು. 1909ರಲ್ಲಿ ಐಸಿಎಸ್ ಪಾಸಾದರು. ಆ ಪರೀಕ್ಷೆ ಆಗ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಹುಬ್ಬಳ್ಳಿಯಲ್ಲಿ ಪರೀಕ್ಷಾ ಕೇಂದ್ರ ಬಿತ್ತೆಂದು ಗೊಣಗುವ ನಾವು ಇದನ್ನು ಒಮ್ಮೆ ನೆನೆಯಬಹುದು. ಆ ಮನೆಯ ಅಣ್ಣತಮ್ಮಂದಿರೂ ಸಾಮಾನ್ಯರಲ್ಲ. ಬಿ. ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಬಿ. ಶಿವರಾವ್ ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಹೆಸರು ಮಾಡಿದರು.

ನೌಕರಿ ಶುರುವಾದದ್ದು ಬಂಗಾಳದಲ್ಲಿ, ಮುಂದೆ ಬಹಳ ವರ್ಷ ಅಸ್ಸಾಂನಲ್ಲಿ. ಕಾನೂನಿನ ಕರಡು ಬರೆಯುವುದು ಅವರ ಕೈಗೆ ಹತ್ತಿದ ಕಸುಬು. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ, ಅದಕ್ಕೆ ಹೊಂದುವಂತೆ ದೇಶದ ಹಳೆಯ ಕಾನೂನುಗಳನ್ನೆಲ್ಲ ತಿದ್ದುವ ಕೆಲಸ ಅವರ ಪಾಲಿಗೆ ಬಂತು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರು. ಹಿಂದೂ ಕಾನೂನು ಸುಧಾರಣೆಯ ಸಮಿತಿಗೂ ಅವರೇ ಅಧ್ಯಕ್ಷರು. ಸಿಂಧೂ ನದಿಯ ನೀರಿಗಾಗಿ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳು ಜಗಳಕ್ಕೆ ನಿಂತಾಗ ವಿಚಾರಣೆ ನಡೆಸಿದ ಆಯೋಗಕ್ಕೂ ಅವರೇ ಮುಖ್ಯಸ್ಥರು. ಆ ಎರಡು ಪ್ರಾಂತ್ಯಗಳ ಜಗಳ ದೇಶ ಒಡೆದ ಮೇಲೆ ಎರಡು ದೇಶಗಳ ಜಗಳವಾಗಿದ್ದು ನಮಗೆಲ್ಲ ಗೊತ್ತು. 1944-45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯೂ ಆಗಿದ್ದರು.

1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು, ಸಂಬಳವಿಲ್ಲದೆ. ಮರುವರ್ಷ ಅಕ್ಟೋಬರ್ ಹೊತ್ತಿಗೆ ಮೊದಲ ಕರಡು ಸಿದ್ಧಮಾಡಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ತಜ್ಞರ ಜೊತೆ ಚರ್ಚಿಸಿ ಬಂದರು. ಅದರ ಮೇಲೆ ಡಾ. ಅಂಬೇಡ್ಕರ್ ನೇತೃತ್ವದ ಕರಡು ಸಮಿತಿ ಕೆಲಸ ಮಾಡಿತು. ಬರ್ಮಾದ ಸಂವಿಧಾನ ಬರೆಯಲಿಕ್ಕೂ ರಾವ್ ನೆರವಾದರು. ಇಷ್ಟು ಯಾವ ಗೈಡಿನಲ್ಲಾದರೂ ಸಿಗುತ್ತದೆ. ನನಗೆ ಮುಖ್ಯವೆನಿಸಿದ್ದು ಇದರ ನಂತರದ ಎರಡೂವರೆ ವರ್ಷ.

ಅರವತ್ತು ದಾಟಿದ, ತಗ್ಗಿದ ದನಿಯ ಈ ಕಾನೂನು ಪಂಡಿತರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜನವರಿಯಿಂದ ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಎರಡು ವರ್ಷದ ತಾತ್ಕಾಲಿಕ ಸ್ಥಾನ ಸಿಕ್ಕಿತು. ಜಗತ್ತು ಆಗ ಎರಡು ಹೋಳಾಗಿತ್ತು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಸ್ಟಾಲಿನ್ನನ ಸೋವಿಯತ್ ಒಕ್ಕೂಟ. ನಡುವೆ 1949ರ ಅಕ್ಟೋಬರಿನಲ್ಲಿ ಮಾವೋ ಚೀನಾವನ್ನು ಕೈವಶ ಮಾಡಿಕೊಂಡಿದ್ದರು. ಹೊಸ ಚೀನಾಕ್ಕೆ ಭಾರತ ಅದೇ ಡಿಸೆಂಬರ್ 30ರಂದು ಮಾನ್ಯತೆ ಕೊಟ್ಟಿತು. ಅಮೆರಿಕ ಕೊಡಲಿಲ್ಲ. ಹೀಗಾಗಿ ಮಂಡಳಿಯಲ್ಲಿ ಚೀನಾದ ಕುರ್ಚಿಯ ಮೇಲೆ ತೈವಾನಿಗೆ ಓಡಿಹೋದ ಚಿಯಾಂಗ್ ಕೈ ಶೇಕ್ ಸರ್ಕಾರದ ಪ್ರತಿನಿಧಿಯೇ ಕೂತಿದ್ದ. ಇದನ್ನು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಲ್ಲಿ ಎದ್ದುಹೋದವರು ತಿರುಗಿ ಬಂದಿರಲಿಲ್ಲ.

ಮಂಡಳಿಯ ಅಧ್ಯಕ್ಷಗಿರಿ ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರ ಕ್ರಮದಲ್ಲಿ ತಿಂಗಳಿಗೊಬ್ಬರಂತೆ ಸುತ್ತುತ್ತದೆ. ಜೂನ್ ತಿಂಗಳು ಭಾರತದ್ದು. ಆ ತಿಂಗಳ 25ರಂದು, ಒಂದು ಭಾನುವಾರ, ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಅಮೆರಿಕದ ಕೋರಿಕೆಯಂತೆ ಅದೇ ದಿನ ಮಧ್ಯಾಹ್ನ ತುರ್ತು ಸಭೆ ಕರೆದವರು ರಾವ್. ಇಂದಿನ ಗಾಜಿನ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ನ್ಯೂಯಾರ್ಕ್ ಹೊರಗಿನ ಲೇಕ್ ಸಕ್ಸೆಸ್‌ನಲ್ಲಿ, ಮಹಾಯುದ್ಧ ಕಾಲದಲ್ಲಿ ಯುದ್ಧೋಪಕರಣ ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಶಾಂತಿಯ ಸಭೆಗಳು ನಡೆಯುತ್ತಿದ್ದವು!

ಮೊದಲ ನಿರ್ಣಯ ಸುಲಭದ್ದಾಗಿತ್ತು. ಹೋರಾಟ ನಿಲ್ಲಿಸಿ, ಉತ್ತರದ ಸೈನ್ಯ ಹಿಂದೆ ಸರಿಯಲಿ ಎಂಬುದು. ಭಾರತ ಪರವಾಗಿ ಮತ ಹಾಕಿತು. ದಾಳಿ ಮಾಡಿದವರನ್ನು ದಾಳಿಕೋರರೆನ್ನಲು ರಾವ್ ಹಿಂಜರಿಯಲಿಲ್ಲ. ಭಾರತ ಯಾವಾಗಲೂ ಗೋಡೆ ಮೇಲೆ ಕೂತಿತ್ತು ಎನ್ನುವವರು ಇದನ್ನು ಮರೆಯುತ್ತಾರೆ.

ಕಷ್ಟ ಬಂದದ್ದು 27ರಂದು. ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕು ಎಂಬ ನಿರ್ಣಯವನ್ನು ಅಮೆರಿಕ ಮುಂದಿಟ್ಟಿತು. ನೆರವು ಎಂದರೆ ಸೈನ್ಯ, ಅಂದರೆ ಯುದ್ಧ. ದೆಹಲಿಯಿಂದ ರಾವ್ ಅವರಿಗೆ ಸೂಚನೆ ಬಂದಿರಲಿಲ್ಲ. ಈಗಿನಂತೆ ವಾಟ್ಸ್ಯಾಪ್ ಇಲ್ಲ. ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ. ಸಭೆಯನ್ನು ಮುಂದೂಡಿ ಕಾದರೂ ಉತ್ತರವಿಲ್ಲ. ಕೊನೆಗೆ ರಾತ್ರಿ ಮತದಾನ ನಡೆದಾಗ, ಅಧ್ಯಕ್ಷರ ಕುರ್ಚಿಯಲ್ಲಿದ್ದ ಮನುಷ್ಯ ಮತ ಹಾಕಲಿಲ್ಲ. ಈಜಿಪ್ಟಿನ ಪ್ರತಿನಿಧಿಯದೂ ಅದೇ ಸ್ಥಿತಿ. ಯುಗೊಸ್ಲಾವಿಯಾ ವಿರೋಧಿಸಿತು. ಹನ್ನೊಂದು ಸದಸ್ಯರ ಮಂಡಳಿಯಲ್ಲಿ ನಿರ್ಣಯಕ್ಕೆ ಬೇಕಿದ್ದುದು ಏಳು ಮತ, ಬಂದದ್ದೂ ಸರಿಯಾಗಿ ಏಳು. ಅದರಲ್ಲಿ ಒಂದು ತೈವಾನ್ ಸರ್ಕಾರದ್ದು. ಸೋವಿಯತ್ ಪ್ರತಿನಿಧಿ ಕುರ್ಚಿಯಲ್ಲಿದ್ದು ಕೈಯೆತ್ತಿದ್ದರೆ ಅಲ್ಲಿಗೇ ವಿಟೋ ಆಗುತ್ತಿತ್ತು. ಒಂದು ಬಹಿಷ್ಕಾರ, ಒಂದು ವಿವಾದಿತ ಕುರ್ಚಿ, ಇವುಗಳ ಮೇಲೆ ಒಂದು ಮಹಾಯುದ್ಧಕ್ಕೆ ವಿಶ್ವಸಂಸ್ಥೆಯ ಮುದ್ರೆ ಬಿತ್ತು.

ಎರಡು ದಿನದ ಮೇಲೆ ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿಕೊಂಡಿತು. ಆದರೆ ಯುದ್ಧಕ್ಕೆ ಸೈನಿಕರನ್ನು ಕಳಿಸಲಿಲ್ಲ. ಕಳಿಸಿದ್ದು 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು. ಅಮೆರಿಕದ ನೇತೃತ್ವದಲ್ಲಿ ಒಂದೇ ಸೇನಾ ಕಮಾಂಡ್ ರಚಿಸುವ ಜುಲೈ 7ರ ನಿರ್ಣಯದಲ್ಲಿ ಭಾರತ ಮತ್ತೆ ತಟಸ್ಥ. ಒಪ್ಪಿಗೆ ಎಲ್ಲಿಯವರೆಗೆ, ಎಲ್ಲಿಂದ ಇಲ್ಲ ಎಂಬ ಗೆರೆಯನ್ನು ಹೀಗೆ ಮತಗಳಲ್ಲೇ ಎಳೆದಿದ್ದು ಕಾಣುತ್ತದೆ.

ದೊಡ್ಡವರ ನಡುವೆ ಸಣ್ಣವರ ಪಾಡು ನಮ್ಮ ಸೀಮೆಗೆ ಹೊಸದೇನಲ್ಲ. ಪಕ್ಕದ ಸವಣೂರಿನ ನವಾಬರು ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ಮೈಸೂರು ಎಂದು ಒದ್ದಾಡಿದವರು. ಹೈದರಾಲಿಯ ಮನೆತನದೊಂದಿಗೆ ಬೀಗತನ ಬೆಳೆಸಿದ್ದೂ ಕೈ ಹಿಡಿಯಲಿಲ್ಲ. 1786ರಲ್ಲಿ ಟಿಪ್ಪುವಿನ ಸೈನ್ಯ ಬಂದಾಗ ನವಾಬರು ಮರಾಠರ ಪಾಳೆಯ ಸೇರಿ, ಊರು ಬಿಡಬೇಕಾಯಿತು. ಇಬ್ಬರು ಬಲಿಷ್ಠರ ನಡುವೆ ಒಬ್ಬರ ಬೆನ್ನು ಹಿಡಿದರೆ ಇನ್ನೊಬ್ಬರ ಕೋಪ, ಯಾರನ್ನೂ ಹಿಡಿಯದಿದ್ದರೆ ಇಬ್ಬರ ಅನುಮಾನ. ರಾವ್ ಅವರಿಗೆ ದಕ್ಕಿದ್ದು ಎರಡನೆಯದು.

ಆಗಸ್ಟಿನಲ್ಲಿ ಸೋವಿಯತ್ ಪ್ರತಿನಿಧಿ ಯಾಕೋಬ್ ಮಲಿಕ್ ಮರಳಿ ಬಂದು ಅಧ್ಯಕ್ಷ ಕುರ್ಚಿ ಹಿಡಿದರು. ಸಭೆಗಳು ಬೈದಾಟದಲ್ಲೇ ಮುಗಿಯತೊಡಗಿದವು. ದೊಡ್ಡವರನ್ನು ಬದಿಗಿಟ್ಟು, ಮಂಡಳಿಯ ಆರು ತಾತ್ಕಾಲಿಕ ಸದಸ್ಯರೇ ಕೂತು ಶಾಂತಿ ಸೂತ್ರ ಹುಡುಕಲಿ ಎಂದು ರಾವ್ ಸಲಹೆ ಕೊಟ್ಟರು. ಅದು ಮುಂದುವರಿಯಲಿಲ್ಲ. ಸೆಪ್ಟೆಂಬರಿನಲ್ಲಿ ಜನರಲ್ ಮೆಕಾರ್ಥರ್ ಸೈನ್ಯ ಇಂಚಾನ್‌ನಲ್ಲಿ ಇಳಿದು ಉತ್ತರದವರನ್ನು ಹಿಮ್ಮೆಟ್ಟಿಸಿತು. ಗೆದ್ದ ಸೈನ್ಯಕ್ಕೆ 38ನೇ ಅಕ್ಷಾಂಶದಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಅಕ್ಟೋಬರ್ 3ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗಿನ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೈನ್ಯ ಗೆರೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ಭಾರತ ಈ ಎಚ್ಚರಿಕೆಯನ್ನು ಮುಟ್ಟಿಸಿತು. ಪಶ್ಚಿಮದವರು ಅದನ್ನು ಬೆದರಿಕೆಯ ಆಟವೆಂದು ತಳ್ಳಿಹಾಕಿದರು. ಅಕ್ಟೋಬರ್ 7ರಂದು ಸಾಮಾನ್ಯ ಸಭೆ ಉತ್ತರಕ್ಕೆ ಮುನ್ನುಗ್ಗಲು ದಾರಿ ಮಾಡಿಕೊಟ್ಟ ನಿರ್ಣಯ ಅಂಗೀಕರಿಸಿತು, 47 ಪರ, 5 ವಿರೋಧ, ಭಾರತ ಸೇರಿ 7 ತಟಸ್ಥ. ಆ ತಿಂಗಳು ಮುಗಿಯುವ ಮೊದಲೇ ಚೀನಾದ ಸೈನ್ಯ ಯುದ್ಧಕ್ಕೆ ಇಳಿದಿತ್ತು.

ಅದನ್ನು ಓದಿದಾಗ ನನಗೆ ತಿಳಿದದ್ದು, ತಟಸ್ಥ ಎಂಬ ಪದಕ್ಕೆ ಸುಮ್ಮನಿರುವುದು ಎಂಬ ಅರ್ಥ ಹೊಂದುವುದಿಲ್ಲ ಎಂದು. ಎರಡೂ ಕಡೆ ಮಾತಾಡುವ ಬಾಗಿಲು ತೆರೆದಿದ್ದವರಿಗೆ ಮಾತ್ರ ಆ ನಡುರಾತ್ರಿಯ ಕರೆ ಬರುತ್ತದೆ. ಕೇಳುವ ಕಿವಿ ಇಲ್ಲದಿದ್ದರೆ ಸುದ್ದಿ ತಂದವನದೇನು ತಪ್ಪು?

ಡಿಸೆಂಬರಿನಲ್ಲಿ ರಾವ್ ಹದಿಮೂರು ಏಷ್ಯನ್ ಮತ್ತು ಅರಬ್ ದೇಶಗಳನ್ನು ಕೂಡಿಸಿ ಕದನ ವಿರಾಮದ ನಿರ್ಣಯ ತಂದರು. ಅದರಂತೆ ಮೂವರ ಗುಂಪು ರಚನೆಯಾಯಿತು: ಸಾಮಾನ್ಯ ಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ನಮ್ಮ ರಾವ್. ಚೀನಾ ಆ ಗುಂಪಿನ ಜೊತೆ ವ್ಯವಹರಿಸಲು ಒಪ್ಪಲಿಲ್ಲ. ಅಮೆರಿಕಕ್ಕೆ ತಾಳ್ಮೆ ಉಳಿದಿರಲಿಲ್ಲ. 1951ರ ಫೆಬ್ರುವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ ಬಂದಾಗ ಭಾರತ ಈ ಸಲ ತಟಸ್ಥವಾಗಿರಲಿಲ್ಲ. ವಿರೋಧ ಮತ ಹಾಕಿತು. ಮಾತುಕತೆಯ ಕೊನೆಯ ಬಾಗಿಲನ್ನೂ ಅದು ಮುಚ್ಚುತ್ತದೆ ಎಂಬುದು ರಾವ್ ಅವರ ವಾದ. ಸೋವಿಯತ್ ಬಣದ ಐದು ದೇಶ ಬಿಟ್ಟರೆ ಜೊತೆಗಿದ್ದದ್ದು ಬರ್ಮಾ ಒಂದೇ.

ಈ ಮತ ಪುಕ್ಕಟೆ ಬಂದದ್ದಲ್ಲ. ದೇಶದಲ್ಲಿ ಆಗ ಬರ. ಬಿಹಾರ, ಮದ್ರಾಸ್ ಕಡೆ ಜನ ಹಸಿದಿದ್ದರು. 1950ರ ಡಿಸೆಂಬರಿನಲ್ಲಿ ಭಾರತ ಅಮೆರಿಕಕ್ಕೆ 20 ಲಕ್ಷ ಟನ್ ಧಾನ್ಯ ಕೇಳಿತ್ತು. ಕೊರಿಯಾದಲ್ಲಿ ತಮ್ಮ ಹುಡುಗರು ಸಾಯುತ್ತಿರುವಾಗ ನೆಹರೂ ದೇಶ ಚೀನಾ ಪರ ನಿಲ್ಲುತ್ತಿದೆ ಎಂದು ಅಮೆರಿಕದ ಸಂಸದರು ಸಿಟ್ಟಾದರು, ಕಡತ ಎಳೆದಾಡಿತು. 19 ಕೋಟಿ ಡಾಲರಿನ ಗೋಧಿ ಸಾಲಕ್ಕೆ ಸಹಿ ಬಿದ್ದದ್ದು 1951ರ ಜೂನ್‌ನಲ್ಲಿ. ಲೇಕ್ ಸಕ್ಸೆಸ್‌ನಲ್ಲಿ ಕೈಯೆತ್ತಿದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ರಷ್ಯಾ, ಬೆಲಾರೂಸ್ ಕಡೆಯಿಂದ ಪೊಟ್ಯಾಷ್ ಬರುವುದು ಏರುಪೇರಾದರೆ ಹಾನಗಲ್ ತಾಲ್ಲೂಕಿನ ಗೋವಿನಜೋಳದ ಹೊಲಕ್ಕೆ ಬಿಸಿ ತಟ್ಟುವ ಕಾಲದಲ್ಲಿ ನಾವಿದ್ದೇವೆ, ಈ ಲೆಕ್ಕ ನಮಗೆ ಅರ್ಥವಾಗುತ್ತದೆ.

ಚೀನಾದ ವಿಷಯದಲ್ಲಿ ಭಾರತ ಬಹಳ ನಂಬಿತು ಎಂಬ ಟೀಕೆಯೂ ಇದೆ. 1950ರ ಅದೇ ಅಕ್ಟೋಬರಿನಲ್ಲಿ ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗಿತ್ತು. ಆ ದೂರು ವಿಶ್ವಸಂಸ್ಥೆಗೆ ಬಂದಾಗ ಅದನ್ನು ಮುಂದೂಡುವುದಕ್ಕೆ ಭಾರತವೂ ದನಿಗೂಡಿಸಿತು. 1962ರ ನಂತರ ಓದಿದರೆ ಇದು ಚುಚ್ಚುತ್ತದೆ. ಕೊರಿಯಾದಲ್ಲಿ ತೋರಿದ ಖಚಿತತೆ ಟಿಬೆಟ್ ವಿಷಯದಲ್ಲಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆ ನೀತಿ ರೂಪುಗೊಂಡದ್ದು ದೆಹಲಿಯಲ್ಲಿ. ರಾವ್ ಪ್ರತಿನಿಧಿ ಮಾತ್ರ.

1951ರ ಕೊನೆಗೆ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾದರು. ಮರುವರ್ಷ ಅಧಿಕಾರ ವಹಿಸಿಕೊಂಡರು. ಅಲ್ಲಿ ಹೆಚ್ಚು ದಿನ ಕೆಲಸ ಮಾಡಲಾಗಲಿಲ್ಲ, ಆರೋಗ್ಯ ಕೆಟ್ಟಿತ್ತು. ಕೊರಿಯಾದ ಕದನ ವಿರಾಮ ಆದದ್ದು 1953ರ ಜುಲೈ 27ರಂದು, ಹೆಚ್ಚುಕಡಿಮೆ ಯುದ್ಧ ಶುರುವಾದ ಗೆರೆಯ ಆಸುಪಾಸಿನಲ್ಲೇ. ಊರಿಗೆ ಮರಳಲು ಒಲ್ಲೆನೆಂದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳನ್ನು ಏನು ಮಾಡುವುದೆಂದು ತೀರ್ಮಾನವಾಗದಾಗ, ಎರಡೂ ಕಡೆಯವರು ಒಪ್ಪಿದ ಅಧ್ಯಕ್ಷ ದೇಶ ಭಾರತ. ಐದು ದೇಶಗಳ ಆ ಆಯೋಗದ ಮುಖ್ಯಸ್ಥರಾಗಿ ಹೋದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಪಾನ್‌ಮುನ್‌ಜಾಮ್ ಸಮೀಪದ ಶಿಬಿರಗಳಲ್ಲಿ ಕೈದಿಗಳ ಗಲಾಟೆ ಸಂಭಾಳಿಸುತ್ತಿದ್ದಾಗಲೇ, ನವೆಂಬರ್ 30ರಂದು, ರಾವ್ ಜ್ಯೂರಿಕ್‌ನಲ್ಲಿ ತೀರಿಕೊಂಡರು. ವಯಸ್ಸು 66. 1954ರ ಫೆಬ್ರುವರಿಯಲ್ಲಿ ತಿಮ್ಮಯ್ಯನವರ ಕೆಲಸ ಮುಗಿಯಿತು. ಉತ್ತರಕ್ಕೂ ಹೋಗುವುದಿಲ್ಲ, ದಕ್ಷಿಣಕ್ಕೂ ಹೋಗುವುದಿಲ್ಲ, ಚೀನಾವೂ ಬೇಡ, ತೈವಾನೂ ಬೇಡ ಎಂದು ಉಳಿದಿದ್ದ 88 ಕೈದಿಗಳು ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು.